ಗೊಬ್ಬರದ ರಾಶಿ ಎಷ್ಟು ನೀರು ಕುಡಿದೀತು?

ಕಾರವಾರದಿಂದ ಅಂಕೋಲೆಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಎಡಕ್ಕೆ ಸಹ್ಯಾದ್ರಿಯ ಬೆಟ್ಟಗಳೂ ಬಲಕ್ಕೆ ಅರಬ್ಬೀ ಸಮುದ್ರವೂ ಜೊತೆಯಾಗಿ ಬರುತ್ತವೆ. ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಗದ್ದೆ, ತೆಂಗಿನ ತೋಟ, ಮನೆ, ಬಾವಿಗಳು ಒಂದಕ್ಕೊಂದು ಒತ್ತಿಕೊಂಡಿರುವ ಹಳ್ಳಿಗಳಲ್ಲಿ ಚೆಂಡಿಯಾ ಒಂದು. ನಾಗರಮಡಿಯ ಜಲಪಾತವನ್ನು ನೋಡಲು ಹೋದವರಿಗೆ ಈ ಹೆಸರು ಪರಿಚಯವಿದ್ದೀತು. ನಾನು ಅಲ್ಲಿಗೆ ಹೋದದ್ದು ಜಲಪಾತವನ್ನು ನೋಡಲಿಕ್ಕಲ್ಲ; ನನ್ನ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ನಾನು ಯೋಚಿಸದೆ ಕೊಟ್ಟ ಒಂದು ಉತ್ತರದ ಪರಿಣಾಮವನ್ನು ನೋಡಲಿಕ್ಕೆ.

ಆ ಹುಡುಗನ ಮನೆಯಲ್ಲಿ ಭತ್ತವನ್ನು ನೆನೆಯಿಸಿ, ಬೇಯಿಸಿ, ಒಣಗಿಸಿ, ಕುಚಲಕ್ಕಿ ಮಾಡಿ ಮಾರುವ ಕೆಲಸ ಅವನ ಅಜ್ಜಿಯ ಕಾಲದಿಂದಲೂ ನಡೆದುಬಂದಿದೆ. ಎರಡು ದಿನ ಭತ್ತ ನೆನೆದ ನೀರನ್ನು ಕಂಡವರಿಗೆ ಅದರ ವರ್ಣನೆ ಬೇಕಾಗಿಲ್ಲ. ಬಣ್ಣ ಹಳದಿ, ವಾಸನೆ ಹುಳಿ, ಮೇಲೆ ತೆಳ್ಳಗಿನ ನೊರೆ. ವಾರಕ್ಕೆ ಸುಮಾರು 200 ಲೀಟರಿನಷ್ಟು ಇಂತಹ ನೀರು ಅಂಗಳದಿಂದ ಇಳಿದು, ಬೇಲಿಯ ಪಕ್ಕದ ಚರಂಡಿಯಲ್ಲಿ ನಿಂತು, ನೆರೆಮನೆಯ ಬಾವಿಯಿಂದ ಹತ್ತು ಹೆಜ್ಜೆಯ ದೂರದಲ್ಲಿ ಮರಳಿನೊಳಗೆ ಇಂಗುತ್ತಿತ್ತು. ಬಾವಿಯ ನೀರಿಗೆ ವಾಸನೆ ಬಂದಿದೆಯೆಂದು ನೆರೆಯವರು, ಬಂದಿಲ್ಲವೆಂದು ಇವರು. ಮಾತಿಗೆ ಮಾತು ಬೆಳೆದು, ಎರಡೂ ಮನೆಯವರು ತುಲಸಿಪೂಜೆಗೂ ಒಬ್ಬರ ಅಂಗಳವನ್ನು ಇನ್ನೊಬ್ಬರು ತುಳಿಯದ ಸ್ಥಿತಿ ಒದಗಿತ್ತು. ಹುಡುಗ ಒಂದು ದಿನ ತರಗತಿ ಮುಗಿದ ಮೇಲೆ ಬಂದು, "ಸರ್, ಈ ನೀರನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಆಗದೇ?" ಎಂದು ಕೇಳಿದ. "ಧಾರಾಳವಾಗಿ ಹಾಕಬಹುದು" ಎಂದೆ. ಕೊಳೆಯುವ ಪದಾರ್ಥ ಕೊಳೆಯುವ ಜಾಗಕ್ಕೆ ಹೋಗುವುದು ನ್ಯಾಯವೇ ಅಲ್ಲವೇ ಎಂಬುದಷ್ಟೇ ಆಗ ನನ್ನ ತರ್ಕ.

ಮೂರು ವಾರದ ಮೇಲೆ ಅವನು ಮತ್ತೆ ಬಂದ. ಈಗ ನೆರೆಯವರು ಕಿಟಕಿಗಳನ್ನೂ ಮುಚ್ಚಿಕೊಂಡಿದ್ದರು. ಆ ಭಾನುವಾರ ನಾನು ಒಂದು ಉಷ್ಣಮಾಪಕವನ್ನು ಚೀಲದಲ್ಲಿ ಇಟ್ಟುಕೊಂಡು ಚೆಂಡಿಯಾಕ್ಕೆ ಹೋದೆ. ಗುಂಡಿಯ ತುಂಬ ಕಪ್ಪಾದ ಕೆಸರು. ಅದರಿಂದ ಕೊಳೆತ ಮೊಟ್ಟೆಯ ನಾತ. ಉಷ್ಣಮಾಪಕವನ್ನು ಒಂದು ಬಿದಿರಿನ ಕೊಳವೆಯಲ್ಲಿ ಇರಿಸಿ ಗುಂಡಿಯ ನಡುವಿಗೆ ಇಳಿಸಿದೆ. ಪಾದರಸ 31 ಡಿಗ್ರಿಯಲ್ಲಿ ನಿಂತಿತು. ಹೊರಗಿನ ಗಾಳಿಯ ಉಷ್ಣಮಾನವೂ ಅಷ್ಟೇ. ಗೊಬ್ಬರದ ರಾಶಿಯೆಂಬುದು ಜೀವಂತವಾಗಿದ್ದರೆ ಬಿಸಿಯಾಗಿರಬೇಕು. ಇದು ಸತ್ತಿತ್ತು, ಕೊಂದವನು ನಾನು.

ಕೊಲೆ ನಡೆದದ್ದು ಹೇಗೆ ಎಂಬುದನ್ನು ತಿಳಿಯಲು ಮೊದಲು ನೀರಿನ ಒಂದು ಬಡತನವನ್ನು ತಿಳಿಯಬೇಕು. ನಮ್ಮ ಕರಾವಳಿಯ ಸಾಧಾರಣ ಉಷ್ಣಮಾನದಲ್ಲಿ ಒಂದು ಲೀಟರು ಶುದ್ಧವಾದ ನೀರು ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನು ತನ್ನಲ್ಲಿ ಕರಗಿಸಿಕೊಳ್ಳಬಲ್ಲುದು. ಹೊಳೆಯ ಮೀನು, ಕಪ್ಪೆಮರಿ, ಸೂಕ್ಷ್ಮಜೀವಿ ಎಲ್ಲವೂ ಈ ಏಳೂವರೆ ಮಿಲಿಗ್ರಾಮಿನಲ್ಲಿಯೇ ಸಂಸಾರ ನಡೆಸಬೇಕು. ಅದೇ ಒಂದು ಲೀಟರು ಗಾಳಿಯಲ್ಲಿ ಇರುವ ಆಮ್ಲಜನಕವಾದರೋ ಸುಮಾರು 270 ಮಿಲಿಗ್ರಾಂ. ಎಂದರೆ ಮೂವತ್ತಾರು ಪಾಲು ಹೆಚ್ಚು. ಇಷ್ಟೇ ಅಲ್ಲ. ಒಂದೆಡೆ ಮುಗಿದುಹೋದ ಆಮ್ಲಜನಕದ ಸ್ಥಾನಕ್ಕೆ ಪಕ್ಕದಿಂದ ಹೊಸ ಆಮ್ಲಜನಕ ಹರಡಿಕೊಂಡು ಬರುವ ವೇಗವು ಗಾಳಿಯಲ್ಲಿ ಇರುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಾಲು ಕಡಿಮೆ. ನೀರು ಬಡವನಷ್ಟೇ ಅಲ್ಲ, ಸಾಲ ಪಡೆಯುವುದರಲ್ಲಿಯೂ ನಿಧಾನಿ.

ಇನ್ನು ಭತ್ತ ನೆನೆದ ನೀರಿನ ಹಸಿವನ್ನು ನೋಡೋಣ. ಒಂದು ಲೀಟರು ಹೊಲಸು ನೀರಿನಲ್ಲಿರುವ ಜೈವಿಕ ಪದಾರ್ಥವನ್ನು ಸೂಕ್ಷ್ಮಜೀವಿಗಳು ತಿಂದು ಅರಗಿಸಿಕೊಳ್ಳಲು ಎಷ್ಟು ಆಮ್ಲಜನಕ ಬೇಕೋ ಅದಕ್ಕೆ ವಿಜ್ಞಾನಿಗಳು ಜೈವಿಕ ಆಮ್ಲಜನಕದ ಬೇಡಿಕೆ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದನ್ನು 27 ಡಿಗ್ರಿಯ ಉಷ್ಣಮಾನದಲ್ಲಿ ಮೂರು ದಿನ ಇಟ್ಟು ಅಳೆಯುವ ಪದ್ಧತಿ. ಊರಿನ ಸಾಮಾನ್ಯ ಚರಂಡಿಯ ನೀರಿನ ಬೇಡಿಕೆ ಲೀಟರಿಗೆ ಇನ್ನೂರು ಮುನ್ನೂರು ಮಿಲಿಗ್ರಾಂ. ಭತ್ತ ನೆನೆದ ನೀರಿನದು ಸಾವಿರದ ಆಸುಪಾಸು. ಅಂದರೆ ಆ ನೀರಿನ ಒಂದೇ ಒಂದು ಲೀಟರು, ಶುದ್ಧವಾದ 130 ಲೀಟರು ನೀರಿನ ಆಮ್ಲಜನಕವನ್ನೆಲ್ಲ ಕಬಳಿಸಬಲ್ಲುದು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮದ್ಯಸಾರವನ್ನು ಇಳಿಸಿದ ಮೇಲೆ ಉಳಿಯುವ, ಸ್ಪೆಂಟ್ ವಾಷ್ ಎಂದು ಕರೆಯಲ್ಪಡುವ ಕಂದು ದ್ರವದ ಬೇಡಿಕೆ ಲೀಟರಿಗೆ ನಲವತ್ತರಿಂದ ಅರವತ್ತು ಸಾವಿರ ಮಿಲಿಗ್ರಾಂ! ಒಂದು ಲೀಟರಿಗೆ ಆರೂವರೆ ಸಾವಿರ ಲೀಟರು ಶುದ್ಧಜಲ ಬಲಿ ಎಂದಾಯಿತು. ಅಂತಹ ದ್ರವ ಹಳ್ಳವನ್ನು ಸೇರಿದಾಗ ಮೀನುಗಳು ಸಾಯುವುದು ವಿಷದಿಂದಲೇ ಆಗಬೇಕೆಂದಿಲ್ಲ. ಉಸಿರು ಕಟ್ಟಿ ಸಾಯುತ್ತವೆ.

ಆಮ್ಲಜನಕ ಮುಗಿದ ಕೂಡಲೆ ಸೂಕ್ಷ್ಮಜೀವಿಗಳ ಕೆಲಸ ನಿಲ್ಲುವುದೆಂದು ತಿಳಿಯಬಾರದು. ಗಾಳಿಯನ್ನು ಬಯಸುವ ಜೀವಿಗಳು ಹಿಂದೆ ಸರಿದು, ಗಾಳಿ ಬೇಡದ ಇನ್ನೊಂದು ಜಾತಿಯವು ಅಧಿಕಾರ ವಹಿಸಿಕೊಳ್ಳುತ್ತವೆ. ಇವು ಗಂಧಕದ ಸಂಯುಕ್ತಗಳಿಂದ ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡನ್ನೂ, ಪಿಷ್ಟದಿಂದ ಹುಳಿಯಾದ ಆಮ್ಲಗಳನ್ನೂ, ಕೊನೆಗೆ ಮಿಥೇನ್ ಅನಿಲವನ್ನೂ ಹುಟ್ಟಿಸುತ್ತವೆ. ಶಾಖ ಮಾತ್ರ ಬಹಳ ಕಡಿಮೆ. ಪದಾರ್ಥದಲ್ಲಿದ್ದ ಶಕ್ತಿಯ ಬಹುಪಾಲು ಮಿಥೇನಿನಲ್ಲಿ ಅಡಗಿ ಹೊರಟುಹೋಗುವುದೇ ಇದಕ್ಕೆ ಕಾರಣ. ಗೋಬರ್ ಗ್ಯಾಸಿನ ಒಲೆ ಉರಿಯುವುದು ಈ ಶಕ್ತಿಯಿಂದಲೇ. ಚೆಂಡಿಯಾದ ಗುಂಡಿ ಏಕೆ ನಾರುತ್ತಿತ್ತು, ಏಕೆ ತಣ್ಣಗಿತ್ತು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಗಾಳಿ ಇರಬೇಕಾದ ಸಂದುಗಳಲ್ಲೆಲ್ಲ ನಾನು ನೀರು ತುಂಬಿಸಿದ್ದೆ.

ಹಾಗಾದರೆ ಹೊಲಸು ನೀರನ್ನೂ ಒಣಕಸವನ್ನೂ ಕೂಡಿಸುವುದೇ ತಪ್ಪೇ? ಅಲ್ಲ. ಇಲ್ಲಿಯೇ ಈ ವಿದ್ಯೆಯ ಸ್ವಾರಸ್ಯವಿರುವುದು. ದ್ರವಕಸದ ರೋಗ ಗಾಳಿಯ ಅಭಾವ. ಒಣಗಿದ ಎಲೆ, ಹುಲ್ಲು, ಸಿಪ್ಪೆಗಳ ರೋಗ ನೀರಿನ ಅಭಾವ. ಬೇಸಗೆಯಲ್ಲಿ ಬಿದ್ದ ತರಗೆಲೆ ಮಳೆಗಾಲದವರೆಗೂ ಕೊಳೆಯದೆ ಹಾಗೆಯೇ ಬಿದ್ದಿರುವುದನ್ನು ಯಾರೂ ನೋಡಬಹುದು. ಎರಡನ್ನೂ ಹದವರಿತು ಬೆರೆಸಿದರೆ ದ್ರವವು ಎಲೆಯ ಮೈಮೇಲೆ ತೆಳುವಾದ ಪೊರೆಯಾಗಿ ಹಬ್ಬುತ್ತದೆ. ಪೊರೆಯ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಪಕ್ಕದಲ್ಲಿಯೇ ಗಾಳಿಯ ಸಂದು. ಹರಡುವುದರಲ್ಲಿ ನಿಧಾನಿಯಾದ ಆಮ್ಲಜನಕವೂ ಅಷ್ಟು ಚಿಕ್ಕ ದೂರವನ್ನು ಕ್ಷಣಾರ್ಧದಲ್ಲಿ ದಾಟಬಲ್ಲುದು. ಒಂದು ಹೊಂಡದ ನೀರನ್ನು ಸಾವಿರ ಚದರ ಮೀಟರಿನ ಮೇಲೆ ಬಳಿದು ಗಾಳಿಗೆ ಒಡ್ಡಿದಂತೆ ಆಯಿತು. ಆದರೆ ಅದಕ್ಕೆ ಬೇಕಾದ ನೆಲ ಒಂದು ಮಂಚದಷ್ಟು. ರಾಶಿಯಲ್ಲಿ ಘನಕಸವು ಊಟವಷ್ಟೇ ಅಲ್ಲ, ಅಟ್ಟಳಿಗೆಯೂ ಹೌದು. ಇಡೀ ರಾಶಿಯ ತೂಕದಲ್ಲಿ ನೀರು ನೂರಕ್ಕೆ 50ರಿಂದ 60 ಪಾಲು ಇದ್ದರೆ ಪೊರೆಯೂ ಉಂಟು, ಸಂದೂ ಉಂಟು. 70 ದಾಟಿದರೆ ಸಂದುಗಳು ಮುಚ್ಚಿಹೋಗುತ್ತವೆ. 40ರ ಕೆಳಗಿಳಿದರೆ ಪೊರೆಯೇ ಹರಿಯುತ್ತದೆ.

ಗಾಳಿಯಾಡುವ ರಾಶಿಯಲ್ಲಿ ಬಿಸಿ ಏರುವುದು ಬೇಗ. ಮೊದಲೆರಡು ದಿನಗಳಲ್ಲಿ ಸಾಮಾನ್ಯ ಬ್ಯಾಕ್ಟೀರಿಯಗಳು ಸಕ್ಕರೆ, ಪಿಷ್ಟ ಮುಂತಾದ ಸುಲಭವಾದ ಆಹಾರವನ್ನು ತಿಂದು ಉಷ್ಣಮಾನವನ್ನು 40 ಡಿಗ್ರಿಗೆ ತರುತ್ತವೆ. ಬಳಿಕ ಶಾಖಪ್ರಿಯ ಜಾತಿಗಳು ಎದ್ದು 55, 60, 65 ಡಿಗ್ರಿಯವರೆಗೂ ಏರಿಸುತ್ತವೆ. ರೋಗಾಣುಗಳೂ ಕಳೆಯ ಬೀಜಗಳೂ ಸಾಯುವುದು ಈ ಹಂತದಲ್ಲಿ. ಆಮೇಲೆ ರಾಶಿ ತಣಿಯುತ್ತ ಬಂದಂತೆ ಬೂಷ್ಟುಗಳೂ ಆಕ್ಟಿನೊಮೈಸೀಟುಗಳೂ ನಾರನ್ನು ಮುರಿಯುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳ ಈ ಆಕ್ಟಿನೊಮೈಸೀಟುಗಳದ್ದೇ. ಹದವಾದ ಗೊಬ್ಬರಕ್ಕೂ ಅದೇ ಪರಿಮಳ ಇರುತ್ತದೆ.

ಭೌತವಿಜ್ಞಾನ ಓದುವವರು ಇಲ್ಲಿ ಒಂದು ಲೆಕ್ಕವನ್ನು ಮಾಡಿನೋಡಬೇಕು. ಒಂದು ಕಿಲೋಗ್ರಾಂ ಒಣ ಸಸ್ಯಪದಾರ್ಥ ಪೂರ್ತಿಯಾಗಿ ಆಮ್ಲಜನಕದೊಡನೆ ಕೂಡಿದರೆ ಸುಮಾರು 4,000 ಕಿಲೊಕ್ಯಾಲೊರಿ ಶಾಖ ಬಿಡುಗಡೆಯಾಗುತ್ತದೆ. ಒಲೆಯಲ್ಲಿ ಉರಿದರೂ ಇಷ್ಟೇ, ರಾಶಿಯಲ್ಲಿ ಸೂಕ್ಷ್ಮಜೀವಿ ತಿಂದರೂ ಇಷ್ಟೇ. ದಾರಿ ಬೇರೆಯಾದ ಮಾತ್ರಕ್ಕೆ ಶಕ್ತಿಯ ಮೊತ್ತ ಬದಲಾಗುವುದಿಲ್ಲ. 50, 60 ಡಿಗ್ರಿಯಲ್ಲಿರುವ ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಬೇಕಾದ ಗುಪ್ತೋಷ್ಣ ಸುಮಾರು 570 ಕಿಲೊಕ್ಯಾಲೊರಿ. ಭಾಗಿಸಿದರೆ, ಒಂದು ಕಿಲೋಗ್ರಾಂ ಕಸ ಏಳು ಲೀಟರು ನೀರನ್ನು ಆಕಾಶಕ್ಕೆ ಏರಿಸಬಲ್ಲುದು. ಇದು ಕಾಗದದ ಮೇಲಿನ ಲೆಕ್ಕ. ರಾಶಿಯ ಮೈಯಿಂದ ಸೋರಿಹೋಗುವ ಶಾಖ, ಒಳಹೊಕ್ಕ ಗಾಳಿಯನ್ನು ಬಿಸಿಮಾಡಲು ವ್ಯಯವಾಗುವ ಶಾಖ ಇವನ್ನೆಲ್ಲ ಕಳೆದು ಅರ್ಧವೇ ದಕ್ಕಿತೆಂದರೂ ಮೂರೂವರೆ ಲೀಟರಿಗೆ ಮೋಸವಿಲ್ಲ.

ನಮ್ಮ ಕರಾವಳಿಯವರಿಗೆ ಇಲ್ಲಿ ಒಂದು ಸಂದೇಹ ಬರುವುದು ಸಹಜ. ಶ್ರಾವಣಮಾಸದಲ್ಲಿ ಹಗ್ಗಕ್ಕೆ ಹಾಕಿದ ಪಂಚೆ ನಾಲ್ಕು ದಿನವಾದರೂ ಒಣಗದ ಊರಿನಲ್ಲಿ ರಾಶಿಯ ನೀರು ಆರುವುದೆಂತು? ಪಂಚೆ ಒಣಗದಿರುವುದಕ್ಕೆ ಕಾರಣ, ಸುತ್ತಲಿನ ಗಾಳಿ ಆಗಲೇ ಆವಿಯಿಂದ ಹೊಟ್ಟೆ ತುಂಬಿಸಿಕೊಂಡಿರುವುದು. 30 ಡಿಗ್ರಿಯ ಒಂದು ಘನಮೀಟರು ಗಾಳಿಗೆ ಹಿಡಿಯುವ ಆವಿ ಸುಮಾರು 30 ಗ್ರಾಂ. ಆದರೆ ಅದೇ ಗಾಳಿ ರಾಶಿಯೊಳಗೆ ಹೊಕ್ಕು 60 ಡಿಗ್ರಿಗೆ ಕಾಯ್ದರೆ ಅದರ ಹೊಟ್ಟೆ ಹಿಗ್ಗುತ್ತದೆ. ಘನಮೀಟರಿಗೆ 130 ಗ್ರಾಮಿನಷ್ಟು ಆವಿಯನ್ನು ಅದು ಹೊರಬಲ್ಲುದು. ಆದುದರಿಂದ ಹೊರಗೆ ಎಷ್ಟೇ ತೇವವಿರಲಿ, ಬಿಸಿಯಾದ ರಾಶಿಯನ್ನು ಹಾದುಹೋಗುವ ಪ್ರತಿ ಘನಮೀಟರು ಗಾಳಿ ನೂರು ಗ್ರಾಂ ನೀರನ್ನು ಹೊತ್ತುಕೊಂಡೇ ಹೊರಬರುತ್ತದೆ. ಮುಂಜಾವದಲ್ಲಿ ರಾಶಿಯಿಂದ ಏಳುವ ಹಬೆ ಇದೇ. ಪಂಚೆಗೆ ಇಲ್ಲದ ಒಲೆ ರಾಶಿಯ ಒಡಲಿನಲ್ಲಿದೆ.

ಆ ಒಲೆಗೆ ಸೌದೆ ಯಾವುದು ಎಂಬ ಪ್ರಶ್ನೆ ಮುಖ್ಯ. ನಾವು ಸುರಿಯುವ ದ್ರವವೇ ತನ್ನನ್ನು ತಾನು ಆರಿಸಿಕೊಳ್ಳುವಷ್ಟು ಶಾಖ ಕೊಟ್ಟೀತೆ? ಒಂದು ಗ್ರಾಂ ಆಮ್ಲಜನಕ ಬಳಕೆಯಾದರೆ ಹೊರಡುವ ಶಾಖ ಸುಮಾರು 3.4 ಕಿಲೊಕ್ಯಾಲೊರಿ. ಭತ್ತದ ನೀರಿಗೆ ಲೀಟರಿಗೆ ಒಂದು ಗ್ರಾಂ ಆಮ್ಲಜನಕ ಸಾಕಷ್ಟೆ? ಹಾಗಾದರೆ ಅದು ದುಡಿಯುವುದು 3.4, ಅದರ ಆವಿಯ ಖರ್ಚು 570. ಸಕ್ಕರೆ ಕಾರ್ಖಾನೆಯ ಸ್ಪೆಂಟ್ ವಾಷ್ 170ರಷ್ಟು ದುಡಿಯಬಲ್ಲುದು; ತನ್ನ ಖರ್ಚಿನ ಮೂರನೆಯ ಒಂದು ಪಾಲನ್ನೂ ಅದು ಮುಟ್ಟುವುದಿಲ್ಲ. ಉಳಿದುದನ್ನು ಘನಕಸವೇ ಭರಿಸಬೇಕು. ನನ್ನ "ಧಾರಾಳವಾಗಿ" ಎಂಬ ಮಾತಿನ ತಪ್ಪು ಇಲ್ಲಿ ಬಯಲಾಯಿತು. ತೆಳ್ಳಗಿನ ಹೊಲಸು ನೀರು ರಾಶಿಗೆ ಊಟವಲ್ಲ, ಬರಿಯ ಹೊರೆ. ದ್ರವ ಎಷ್ಟು ಮಂದವೋ ಗೊಬ್ಬರದ ಕೆಲಸಕ್ಕೆ ಅಷ್ಟು ಯೋಗ್ಯ.

ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಚರಂಡಿ ನೀರಿಗೆ ಗಾಳಿ ಊದಿ, ಅದರ ಕೆಸರಿನಲ್ಲಿರುವ ಜೀವಿಗಳಿಂದಲೇ ಅದನ್ನು ಶುದ್ಧಗೊಳಿಸುವ ವಿಧಾನವನ್ನು ಪ್ರಕಟಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಹೊಲಸಿನಲ್ಲಿರುವ ಸಾರಜನಕ ಸಮುದ್ರದ ಪಾಲಾಗದೆ ಹೊಲಕ್ಕೆ ಮರಳಬೇಕೆಂಬುದು ಅವರ ಹಂಬಲ. ಚೆನ್ನಾಗಿ ಕೊಳೆಯುತ್ತಿರುವ ಹಳೆಯ ರಾಶಿಯನ್ನೇ ಹೆಪ್ಪಾಗಿ ಬಳಸಿ, ಹೊಸ ಸಸ್ಯಕಸಕ್ಕೆ ಸಾರಜನಕವಿರುವ ದ್ರವವನ್ನು ಉಣಿಸುವ ವಿಧಾನವನ್ನು ಅವರು ಬೆಳೆಸಿದರು. ಹಾಲಿಗೆ ಮೊಸರಿನ ಹೆಪ್ಪು ಹಾಕುವ ನಾಡಿನಲ್ಲಿ ಈ ಉಪಾಯ ಯಾರಿಗೂ ವಿಚಿತ್ರವಾಗಿ ತೋರಿರಲಾರದು. ಅದೇ ಕಾಲದಲ್ಲಿ ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಅವರು ಯಶವಂತ ವಾಡ್ ಅವರೊಡನೆ ಸೇರಿ ರೈತರ ಹೊಲದ ಕಸ, ಸಗಣಿ, ಗಂಜಳದ ಮಣ್ಣುಗಳಿಂದ ಗೊಬ್ಬರ ಮಾಡುವ ಇಂದೂರು ಪದ್ಧತಿಯನ್ನು ರೂಪಿಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಈ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ತಿರುವಿ ಗಾಳಿ ಕೊಡುತ್ತಾರೆ.

1939ರಲ್ಲಿ ಬೆಂಗಳೂರಿನ ಅದೇ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯ ಅವರು ಇನ್ನೊಂದು ದಾರಿಯನ್ನು ತೋರಿಸಿದರು. ಊರಿನ ಒಣಕಸವನ್ನು ಒಂದು ಗೇಣಿನಷ್ಟು ದಪ್ಪಕ್ಕೂ ಅದರ ಮೇಲೆ ಮಲವನ್ನು ತೆಳುವಾಗಿಯೂ ಪದರ ಪದರವಾಗಿ ಕಂದಕದಲ್ಲಿ ತುಂಬಿ, ಮೇಲೆ ಮಣ್ಣು ಮೆತ್ತಿಬಿಡುವುದು. ಮೊದಲ ಎಂಟು ಹತ್ತು ದಿನ ಒಳಗಿನ ಗಾಳಿಯ ಬಲದಿಂದ ಬಿಸಿ ಏರುತ್ತದೆ. ಬಳಿಕ ಗಾಳಿ ತೀರಿ ನಾಲ್ಕೈದು ತಿಂಗಳು ನಿಧಾನವಾಗಿ ಪಾಕವಾಗುತ್ತದೆ. ತಿರುವುವ ಕೂಲಿ ಇಲ್ಲ, ಸಾರಜನಕದ ನಷ್ಟ ಕಡಿಮೆ. ಬೆಂಗಳೂರು ಪದ್ಧತಿಯೆಂಬ ಹೆಸರಿನಿಂದ ಇದು ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಆದರೆ ಹೊರಗಿನಿಂದ ಮೇಲಿಂದ ಮೇಲೆ ನೀರು ಕುಡಿಸಬೇಕಾದ ಕೆಲಸಕ್ಕೆ ಮಣ್ಣು ಮೆತ್ತಿದ ಕಂದಕ ಒದಗುವುದಿಲ್ಲ. ಅಲ್ಲಿ ಬೇಕಾದುದು ಇಂದೂರಿನ ಬಿಸಿ.

ಆ ಬಿಸಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಸಕ್ಕರೆಯ ಉದ್ಯಮ. ನಮ್ಮ ಜಿಲ್ಲೆಯ ಹಳಿಯಾಳದಲ್ಲಿಯೂ, ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳಲ್ಲಿಯೂ ಕಬ್ಬನ್ನು ಅರೆಯುವ ಕಾರ್ಖಾನೆಗಳಿವೆ. ಕಬ್ಬಿನ ರಸವನ್ನು ತಿಳಿಗೊಳಿಸುವಾಗ ಪ್ರೆಸ್ ಮಡ್ ಎಂಬ ಕರಿಯ ಮಡ್ಡಿ ಉಳಿಯುತ್ತದೆ. ಮಡ್ಡಿಯನ್ನು ಮೂರು ಮೀಟರಿನಷ್ಟು ಅಗಲದ ಉದ್ದನೆಯ ಏರಿಗಳಾಗಿ ಒಟ್ಟಿ, ಅದರ ಮೇಲೆ ಸ್ಪೆಂಟ್ ವಾಷನ್ನು ದಿನ ಬಿಟ್ಟು ದಿನ ಸಿಂಪಡಿಸಿ, ಯಂತ್ರದಿಂದ ತಿರುವಿ ತಿರುವಿ ಆರಿಸುತ್ತ ಹೋದರೆ ಒಂದೂವರೆ ಎರಡು ತಿಂಗಳಿನಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಒಂದು ಪಾಲು ಮಡ್ಡಿಗೆ ಎರಡೂವರೆಯಿಂದ ಮೂರು ಪಾಲು ದ್ರವ ಎಂಬುದು ರೂಢಿಯ ಪ್ರಮಾಣ. ಇದನ್ನು ಕಬ್ಬಿನಿಂದಲೇ ಲೆಕ್ಕ ಹಾಕಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಒಂದು ಟನ್ನು ಕಬ್ಬಿಗೆ ಸುಮಾರು 35 ಕಿಲೋಗ್ರಾಂ ಮಡ್ಡಿ, 45 ಕಿಲೋಗ್ರಾಂ ಕಾಕಂಬಿ. ಆ ಕಾಕಂಬಿಯಿಂದ ಹತ್ತು ಲೀಟರು ಮದ್ಯಸಾರ. ಮದ್ಯಸಾರದ ಲೀಟರಿಗೆ ಸುಮಾರು ಹತ್ತರಂತೆ ಸ್ಪೆಂಟ್ ವಾಷ್ ನೂರು ಲೀಟರು. 35 ಕಿಲೋಗ್ರಾಂ ಮಡ್ಡಿಗೆ ಮೂರರಂತೆ ಹಿಡಿಸುವ ದ್ರವ ನೂರೈದು. ಒಂದೇ ಕಬ್ಬಿನ ಘನಕಸವೂ ದ್ರವಕಸವೂ ಅಳೆದು ಇಟ್ಟಂತೆ ಸರಿಹೋಗುತ್ತವೆ! ಆದರೆ ಈ ಸಮತೂಕ ಕೂದಲೆಳೆಯದು. ಭಟ್ಟಿಯವರು ಬೇರೆಡೆಯ ಕಾಕಂಬಿಯನ್ನು ಕೊಂಡು ತಂದರೆಂದರೆ ಮಡ್ಡಿ ಸಾಲದೆ ಬರುತ್ತದೆ; ಸಾಲದ ಮಡ್ಡಿಗೆ ಹೆಚ್ಚು ದ್ರವ ಸುರಿಯುವ ಆಸೆ ಹುಟ್ಟುತ್ತದೆ. ಆಗ ಏರಿಯ ಬುಡದಿಂದ ಕಂದುನೀರು ಸೋರಿ ನೆಲಕ್ಕಿಳಿಯುತ್ತದೆ. ನಾನು ಚೆಂಡಿಯಾದಲ್ಲಿ ಮಾಡಿದ ತಪ್ಪೇ ಅದು, ಸಾವಿರ ಪಾಲು ದೊಡ್ಡದಾಗಿ.

ಇಂದು ಹಲವು ಭಟ್ಟಿಗಳು ಮೊದಲು ಸ್ಪೆಂಟ್ ವಾಷಿನಿಂದ ಮಿಥೇನನ್ನು ತೆಗೆದು ಉರುವಲಾಗಿ ಬಳಸುತ್ತವೆ. ಇದು ಜಾಣತನವೇ. ಆದರೆ ಹಾಗೆ ಕೆನೆ ತೆಗೆದ ದ್ರವವನ್ನು ರಾಶಿಗೆ ಹಾಕಿದಾಗ ಅದು ತರುವ ಶಾಖ ಇನ್ನೂ ಕಡಿಮೆ, ನೀರಿನ ಹೊರೆ ಮಾತ್ರ ಮೊದಲಿನಷ್ಟೇ. ಈ ಕಾರಣದಿಂದ ದ್ರವವನ್ನು ಮೊದಲು ಕುದಿಸಿ ಮಂದ ಮಾಡಿ, ಆಮೇಲೆ ಗೊಬ್ಬರಕ್ಕೆ ಹಾಕುವ ಇಲ್ಲವೆ ಕುಲುಮೆಯಲ್ಲಿ ಸುಡುವ ಕ್ರಮವೂ ಬಂದಿದೆ. ಮಲೇಶಿಯಾದ ತಾಳೆಯೆಣ್ಣೆಯ ಗಿರಣಿಗಳಲ್ಲಿ ಹಣ್ಣು ಬಿಡಿಸಿದ ಗೊನೆಗಳನ್ನು ಸಿಗಿದು ಗಿರಣಿಯ ಹೊಲಸು ನೀರನ್ನು ಅವಕ್ಕೇ ಕುಡಿಸುವುದುಂಟು. ಗೊನೆಯ ನಾರು ಒರಟಾದುದರಿಂದ ಸಂದುಗಳು ಕುಸಿಯುವುದಿಲ್ಲ. ಈ ವಿಷಯದಲ್ಲಿ ಅವರು ನಮಗಿಂತ ಅದೃಷ್ಟವಂತರು. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಹಣ್ಣನ್ನು ತೊಳೆದ ಹುಳಿನೀರಿನ ಸಮಸ್ಯೆ ಇದೇ ಜಾತಿಯದು. ಆದರೆ ಅಲ್ಲಿ ನೀರಿನ ಪ್ರಮಾಣವೇ ದೊಡ್ಡದು, ಸಿಪ್ಪೆಯ ರಾಶಿ ಅದನ್ನೆಲ್ಲ ಕುಡಿದು ಮುಗಿಸಲಾರದು.

ಮತ್ತೆ ಚೆಂಡಿಯಾಕ್ಕೆ ಬರೋಣ. ಲೆಕ್ಕವನ್ನೆಲ್ಲ ತಿದ್ದಿಕೊಂಡು ನಾನು ಎರಡನೆಯ ರಾಶಿಗೆ ಹುಲ್ಲು ಕೇಳಿದೆ. ಅಜ್ಜಿ ಒಪ್ಪಲಿಲ್ಲ. "ಹುಲ್ಲು ದನಕ್ಕೆ ಬೇಕು. ದರಕು ಬೇಕಾದರೆ ಎಷ್ಟಾದರೂ ಒಯ್ಯಿರಿ, ಮಾಸ್ತರೇ" ಎಂದರು. ಪುಸ್ತಕಗಳಲ್ಲಿ ಹುಲ್ಲನ್ನು ಕಸವೆಂದು ಬರೆಯುವವರು ದನ ಕಟ್ಟಿದವರಲ್ಲವೆಂದು ತೋರುತ್ತದೆ. ಬೆಟ್ಟದಿಂದ ಗುಡಿಸಿ ತಂದ ದರಕು, ಅಕ್ಕಿ ಗಿರಣಿಯ ಉಮಿ, ಸಗಣಿ ಮತ್ತು ಹೆಪ್ಪಿಗೆಂದು ಹಳೆಯ ಗೊಬ್ಬರ, ಇವುಗಳಿಂದ ಕೆಲಸ ಆರಂಭವಾಯಿತು. ಉಮಿಯಲ್ಲಿ ಮರಳಿನ ಜಾತಿಯ ಸಿಲಿಕ ಹೆಚ್ಚು. ಅದು ಬೇಗ ಕೊಳೆಯುವುದಿಲ್ಲ, ಶಾಖವನ್ನೂ ಹೆಚ್ಚು ಕೊಡುವುದಿಲ್ಲ. ಆದರೆ ಅದರ ದೋಣಿಯಂತಹ ಆಕಾರ ಕುಸಿಯದೆ ನಿಂತು ಗಾಳಿಗೆ ದಾರಿ ಬಿಡುತ್ತದೆ. ದರಕಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸೂಕ್ಷ್ಮಜೀವಿಗಳಿಗೆ ಬೇಕಾದುದು ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ. ಆ ಕೊರತೆಯನ್ನು ಸಗಣಿಯೂ, ಮನೆಯಲ್ಲಿ ಮೀನು ತೊಳೆದ ನೀರೂ ತುಂಬಿದವು. ಮೀನಿನ ನೀರನ್ನು ರಾಶಿಯ ನಡುವಿಗೆ ಹಾಕಿ ಮೇಲೆ ಒಂದು ಮೊಳ ದರಕು ಮುಚ್ಚಿದರೆ ಬೆಕ್ಕೂ ಮೂಸುವುದಿಲ್ಲ.

ಕೆಳಗೆ ತೆಂಗಿನ ದಿಂಡುಗಳನ್ನು ಅಡ್ಡಡ್ಡ ಹಾಸಿ, ಒಂದೂವರೆ ಮೀಟರು ಚೌಕದ ರಾಶಿಯನ್ನು ಎದೆಯೆತ್ತರಕ್ಕೆ ಒಟ್ಟಿದೆವು. ನೀರನ್ನು ಹೊಯ್ಯುವುದಕ್ಕೆ ಒಂದೇ ನಿಯಮ: ಒಂದು ಹಿಡಿಯನ್ನು ಮುಷ್ಟಿಯಲ್ಲಿ ಬಲವಾಗಿ ಹಿಂಡಿದರೆ ಬೆರಳ ಸಂದಿನಲ್ಲಿ ತೇವ ಕಾಣಬೇಕು, ಧಾರೆ ಇಳಿಯಕೂಡದು. ಮೂರನೆಯ ದಿನ ಬೆಳಿಗ್ಗೆ ಹುಡುಗ 48 ಡಿಗ್ರಿ ಎಂದು ಬರೆದುಕೊಂಡ. ಐದನೆಯ ದಿನ 61. ಆ ದಿನ ಕೊಳವೆಯೊಳಗೆ ಕೈಯಿಟ್ಟ ಅವನ ತಂಗಿ ಚೀರಿ ಕೈ ತೆಗೆದಳಂತೆ.

ಈಗ ಮುಖ್ಯ ಪ್ರಶ್ನೆ: ರಾಶಿ ಕುಡಿದದ್ದೆಷ್ಟು? ಅದರಲ್ಲಿ ಒಣಪದಾರ್ಥ ಸುಮಾರು 200 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಎರಡು ತಿಂಗಳಲ್ಲಿ ಅದರ 80 ಕಿಲೋಗ್ರಾಂ ಕೊಳೆತು ಇಂಗಾಲಾಮ್ಲವಾಗಿ ಹೋಗುತ್ತದೆ. ಕಿಲೋಗ್ರಾಮಿಗೆ ಮೂರೂವರೆ ಲೀಟರಿನಂತೆ ಆವಿಯಾಗುವ ನೀರು 280 ಲೀಟರು. ಉಳಿದ 120 ಕಿಲೋಗ್ರಾಂ ಗೊಬ್ಬರ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಸುಮಾರು 150. ಒಟ್ಟು 430 ಲೀಟರು. ಅದೇ ಎರಡು ತಿಂಗಳಿನಲ್ಲಿ ಆ ಮನೆಯಿಂದ ಹೊರಬೀಳುವ ನೀರೋ 1,600 ಲೀಟರು. ನಾಲ್ಕರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚನ್ನು ಮಾತ್ರ ರಾಶಿ ಕುಡಿದೀತು. ಅದಕ್ಕಿಂತ ಮುಂದೆ ಒತ್ತಾಯ ಮಾಡಿದರೆ ಮೊದಲನೆಯ ಗುಂಡಿಯ ಗತಿಯೇ ಇದಕ್ಕೂ.

ಉಳಿದ ಮುಕ್ಕಾಲು ಪಾಲಿಗೆ ಪರಿಹಾರವನ್ನು ರಾಶಿಯ ಹೊರಗೆ ಹುಡುಕಬೇಕಾಯಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರಲ್ಲಿ ಸ್ಥಾಪನೆಯಾದ ಸಂಸ್ಥೆ. ಭತ್ತವನ್ನು ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಯಿಸುವ ಬದಲು 70 ಡಿಗ್ರಿಯ ಆಸುಪಾಸಿನ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಯಿಸುವ ವಿಧಾನವನ್ನು ಪ್ರಚಾರಕ್ಕೆ ತಂದವರು ಅಲ್ಲಿನವರು. ಅಷ್ಟು ಬಿಸಿಯಲ್ಲಿ ಹುಳಿಯುವ ಜೀವಿಗಳಿಗೆ ಅವಕಾಶವೇ ಇಲ್ಲ. ಹೊಲಸಿನ ಮೂಲದಲ್ಲಿಯೇ ವಾಸನೆಯನ್ನು ನಿಲ್ಲಿಸುವ ಈ ಉಪಾಯ ನನ್ನ ರಾಶಿಗಿಂತ ಮೇಲೆಂಬುದನ್ನು ಒಪ್ಪಲೇಬೇಕು. ಅಜ್ಜಿಗೆ ಸೌದೆಯ ಖರ್ಚಿನ ಚಿಂತೆಯಿತ್ತು. ಭತ್ತ ಬೇಯಿಸಿದ ಒಲೆಯ ಮೇಲೆಯೇ ಮುಂದಿನ ಹಂಡೆಯನ್ನು ಏರಿಸಿದರೆ ಆ ಕೆಂಡ ಸಾಕಾಗುತ್ತದೆಂದು ಕಂಡ ಮೇಲೆ ಸುಮ್ಮನಾದರು. ನೆನೆದ ನೀರಿನಲ್ಲಿ ಹಂಡೆಯ ತಳದ ಮಂದವಾದುದು ರಾಶಿಗೆ. ಮೇಲಿನ ತಿಳಿ ಬಾವಿಯಿಂದ ದೂರದ ಬಾಳೆ, ತೆಂಗಿನ ಪಾತಿಗಳಿಗೆ, ದಿನಕ್ಕೊಂದು ಪಾತಿಯಂತೆ ಸರದಿಯ ಮೇಲೆ. ಮರಳುಮಿಶ್ರಿತ ಮಣ್ಣೂ ಒಂದು ಸಂದುಗಳ ರಾಶಿಯೇ; ಅದಕ್ಕೂ ಉಸಿರಾಡಲು ನಡುವೆ ಬಿಡುವು ಕೊಡಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ರಾಶಿಯಿಂದ ನೀರು ಹಾರಿಹೋಗುತ್ತದೆ, ಇಂಗಾಲ ಹಾರಿಹೋಗುತ್ತದೆ, ಉಪ್ಪು ಹಾರಲಾರದು. ಸ್ಪೆಂಟ್ ವಾಷಿನಲ್ಲಿ ಲೀಟರಿಗೆ ಹತ್ತು ಗ್ರಾಮಿನ ಹತ್ತಿರ ಪೊಟ್ಯಾಸಿಯಂ ಇರುತ್ತದೆ. ಮೂರು ಪಾಲು ದ್ರವದಲ್ಲಿ ಬಂದ ಲವಣಗಳೆಲ್ಲ ಕಡೆಗೆ ಕುಗ್ಗಿದ ಒಂದು ಹಿಡಿ ಗೊಬ್ಬರದಲ್ಲಿ ಮಂದವಾಗಿ ಉಳಿಯುತ್ತವೆ. ಪೊಟ್ಯಾಸಿಯಂ ಬೆಳೆಗೆ ಬೇಕಾದ ಆಹಾರವೇ ಆದರೂ ಅಂತಹ ಗೊಬ್ಬರವನ್ನು ವರ್ಷ ವರ್ಷವೂ ಒಂದೇ ಹೊಲಕ್ಕೆ ಸುರಿದರೆ ನೆಲ ಉಪ್ಪೇರುತ್ತದೆ. ಭತ್ತದ ನೀರಿನಲ್ಲಿ ಈ ಭಯ ಅಷ್ಟಿಲ್ಲ. ಮೀನಿಗೆ ಉಪ್ಪು ಹಾಕಿದ ನೀರನ್ನು ಮಾತ್ರ ರಾಶಿಗೆ ತೋರಿಸಕೂಡದು.

ಮಳೆಗಾಲದ ಲೆಕ್ಕ ಬೇರೆ. ಕಾರವಾರದಲ್ಲಿ ವರ್ಷಕ್ಕೆ ಬೀಳುವ ಮಳೆಯನ್ನು ಮೂರು ಮೀಟರೆಂದು ಹಿಡಿದರೂ, ಒಂದೂವರೆ ಮೀಟರು ಚೌಕದ ರಾಶಿಯ ತಲೆಯ ಮೇಲೆ ಸುರಿಯುವ ನೀರು 6,750 ಲೀಟರು; ರಾಶಿ ಕುಡಿಯಬಲ್ಲುದರ ಹದಿನೈದು ಪಾಲು! ತೆರೆದ ಅಂಗಳದಲ್ಲಿ ಏರಿ ಹಾಕುವ ಕಾರ್ಖಾನೆಗಳು ಮಳೆಗಾಲದಲ್ಲಿ ಆ ಕೆಲಸವನ್ನು ನಿಲ್ಲಿಸಬೇಕಾಗುವುದು ಇದರಿಂದಲೇ. ಮನೆಯ ರಾಶಿಗೆ ಮಾಡು ಕಟ್ಟಿದರೆ ಸಾಕು. ಬಿಸಿಲಿಲ್ಲದ ಆ ದಿನಗಳಲ್ಲಿ ಬೇಯಿಸಿದ ಭತ್ತವನ್ನು ಒಣಗಿಸುವುದೂ ಕಷ್ಟವಾದುದರಿಂದ ನೀರೂ ಕಡಿಮೆಯಿರುತ್ತದೆ.

ಎರಡು ತಿಂಗಳ ಮೇಲೆ ಹೋದಾಗ ರಾಶಿ ಮೊಣಕಾಲಿನ ಎತ್ತರಕ್ಕೆ ಇಳಿದಿತ್ತು. ಉಮಿಯ ದೋಣಿಗಳನ್ನು ಬಿಟ್ಟರೆ ಉಳಿದುದೆಲ್ಲ ಕರಿಯ ಮಣ್ಣಿನಂತಾಗಿತ್ತು. ಬೇಲಿಯ ಪಕ್ಕದ ಚರಂಡಿ ಒಣಗಿ ಅದರಲ್ಲಿ ಕೋಳಿಗಳು ಕೆದಕುತ್ತಿದ್ದವು. ಜೂನಿಗೆ ಮುಂಚೆ ತೆಂಗಿನ ಮಡಲು ನೇಯ್ದು ರಾಶಿಗೆ ಮಾಡು ಹಾಕಬೇಕೆಂದು ಅಜ್ಜಿ ಹೇಳುತ್ತಿದ್ದರು. ಆ ಕೆಲಸಕ್ಕೆ ನೆರೆಮನೆಯವರೂ ಬರುತ್ತಾರಂತೆ. ಗೊಬ್ಬರದಲ್ಲಿ ಅವರ ಬದನೆಯ ಸಾಲಿಗೂ ನಾಲ್ಕು ಬುಟ್ಟಿಯ ಪಾಲು ಗೊತ್ತಾಗಿದೆ.